ದೂರದ ಓಟದ ಕುದುರೆಗೆ ಎಷ್ಟು ಹಣ ಹಾಕಬೇಕು?

ಎಂಡ್ಯೂರೆನ್ಸ್ ಸವಾರಿಗೆಂದು, ಅಂದರೆ ಹತ್ತಾರು ಕಿಲೋಮೀಟರ್ ಸಾಗುವ ದೂರದ ಓಟಗಳಿಗೆಂದು, ಕುದುರೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮಾರುಕಟ್ಟೆಯ ಬೆಲೆಯನ್ನು. ಆ ಉತ್ತರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ತಳಿಯ, ಒಂದೇ ವಯಸ್ಸಿನ, ನೋಡಲು ಹೆಚ್ಚುಕಡಿಮೆ ಒಂದೇ ತೆರನಾದ ಎರಡು ಕುದುರೆಗಳ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುವುದುಂಟು. ಆ ಅಂತರಕ್ಕೆ ಕಾರಣವಾದ ಗುಣ ನಮ್ಮ ಉಪಯೋಗಕ್ಕೆ ಬರುವಂಥದ್ದೋ ಅಲ್ಲವೋ ಎಂಬುದು ಬೆಲೆಯನ್ನು ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಯಾವ ನಾಣ್ಯದಲ್ಲಿಯೂ ಬೆಲೆ ಹೇಳುವುದಿಲ್ಲ. ಅದರ ಬದಲು ಒಂದು ಕುದುರೆಯನ್ನು ನೀವಿರುವ ಜಾಗದಲ್ಲಿ ಒಂದು ವರ್ಷ ಸಾಕಲು ತಗಲುವ ಒಟ್ಟು ಖರ್ಚನ್ನೇ ಅಳತೆಯಾಗಿ ಇಟ್ಟುಕೊಂಡು, ಅದಕ್ಕೆ ಹೋಲಿಸಿ ಎಷ್ಟು ಕೊಡಬಹುದು, ಯಾವುದಕ್ಕೆ ಹೆಚ್ಚು ಕೊಡಬೇಕು, ಯಾವುದಕ್ಕೆ ಬಿಡಿಗಾಸನ್ನೂ ಹೆಚ್ಚಿಗೆ ಕೊಡಬಾರದು ಎಂಬುದನ್ನು ವಿವರಿಸಲಾಗಿದೆ.

ಬೆಲೆಗಿಂತ ಮೊದಲು ದೂರ

ಈಗಿನ ಎಂಡ್ಯೂರೆನ್ಸ್ ಓಟಗಳಿಗೆ ಮಾದರಿಯಾದದ್ದು 1955ರಲ್ಲಿ ವೆಂಡೆಲ್ ರೋಬಿ ಎಂಬವರು ಕೆಲವು ಸಂಗಡಿಗರೊಡನೆ ಸಿಯೆರಾ ನೆವಾಡಾ ಬೆಟ್ಟಗಳನ್ನು ದಾಟಿ ಕ್ಯಾಲಿಫೋರ್ನಿಯಾದ ಆಬರ್ನ್ ಪಟ್ಟಣದವರೆಗೆ ಮಾಡಿದ ಒಂದು ದಿನದ ಸವಾರಿ. ಇಂದು ಟೆವಿಸ್ ಕಪ್ ಎಂದು ಹೆಸರಾಗಿರುವ ಆ ಓಟದಲ್ಲಿ 100 ಮೈಲಿಯನ್ನು, ಅಂದರೆ ಸುಮಾರು 160 ಕಿಲೋಮೀಟರನ್ನು, 24 ಗಂಟೆಯೊಳಗೆ ಮುಗಿಸಬೇಕು. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ ಮುಗಿಸುತ್ತಾರೆ. ಉಳಿದವರ ಪೈಕಿ ಬಹುಪಾಲು ಜನರನ್ನು ತಡೆಯುವುದು ಗಡಿಯಾರವಲ್ಲ, ಪಶುವೈದ್ಯರು. ದಾರಿಯುದ್ದಕ್ಕೂ ಇರುವ ತಪಾಸಣೆ ಕೇಂದ್ರಗಳಲ್ಲಿ ಕುದುರೆಯ ಹೃದಯಬಡಿತ ನಿಗದಿತ ಸಮಯದೊಳಗೆ ಇಳಿಯಬೇಕು, ಅದು ಕುಂಟಬಾರದು, ಕರುಳು ಕೆಲಸ ಮಾಡುತ್ತಿರಬೇಕು, ಮೈಯಲ್ಲಿ ನೀರು ಕಡಿಮೆಯಾಗಿರಬಾರದು. ಗೆರೆ ದಾಟಿದ ಮೇಲೂ ತಪಾಸಣೆ ಇದ್ದೇ ಇದೆ. ಮೊದಲು ಬಂದ ಕುದುರೆ ಅಲ್ಲಿ ಕುಂಟಿದರೆ ಅದು ಓಟ ಮುಗಿಸಿದಂತೆಯೇ ಅಲ್ಲ.

ಸಮಯದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. 160 ಕಿಲೋಮೀಟರಿಗೆ 24 ಗಂಟೆ, 80 ಕಿಲೋಮೀಟರಿಗೆ 12 ಗಂಟೆ ಎಂಬುದು ಅಮೆರಿಕದ ಓಟಗಳಲ್ಲಿ ರೂಢಿಯಲ್ಲಿರುವ ಗರಿಷ್ಠ ಅವಧಿ. ತಪಾಸಣೆ ಕೇಂದ್ರಗಳಲ್ಲಿನ ಕಡ್ಡಾಯ ವಿಶ್ರಾಂತಿಯನ್ನು ಕಳೆದರೂ ಗಂಟೆಗೆ ಎಂಟು ಕಿಲೋಮೀಟರ್ ಸಾಗುವ ಕುದುರೆ ಅವಧಿಯೊಳಗೆ ಮುಗಿಸುತ್ತದೆ. ಸಾಧಾರಣ ಕುದುರೆಯೂ ಹಾಯಾಗಿ ಮಾಡುವ ಟ್ರಾಟ್ ಓಟದ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ) ವೇಗ ಅದಕ್ಕಿಂತ ಹೆಚ್ಚು. ಅಂದರೆ ಓಟವನ್ನು ಮುಗಿಸುವುದಷ್ಟೇ ಗುರಿಯಾಗಿರುವವರು ವೇಗಕ್ಕಾಗಿ ಹಣ ಕೊಡಬೇಕಾಗಿಯೇ ಇಲ್ಲ. ಸಮತಟ್ಟಾದ ಮರಳುಗಾಡಿನ ಓಟಗಳಲ್ಲಿ ಗಂಟೆಗೆ 25 ಕಿಲೋಮೀಟರಿಗೂ ಮೀರಿದ ಸರಾಸರಿಯಲ್ಲಿ ಗೆಲ್ಲುವ ಕುದುರೆಗಳ ಬೆಲೆ ಬೇರೆಯೇ ಲೋಕದ್ದು. ಆ ಬೆಲೆಯ ನೆರಳು ಸಾಧಾರಣ ಕುದುರೆಗಳ ಮೇಲೂ ಬೀಳುತ್ತದೆ, ಮಾರುವವರು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು, ಮುಂದಿನ ಮೂರು ವರ್ಷಗಳಲ್ಲಿ ನಿಮಗೆ ಓಡಬೇಕಾಗಿರುವ ದೂರ. 30-40 ಕಿಲೋಮೀಟರಿನ ಓಟಗಳನ್ನು ಕಾಲು ಸರಿಯಿರುವ, ಬೆನ್ನು ನೋವಿಲ್ಲದ, ಸ್ವಲ್ಪ ಪಳಗಿಸಿದ ಯಾವ ಕುದುರೆಯೂ ಮಾಡಬಲ್ಲದು. ಅಷ್ಟಕ್ಕೇ ನಿಲ್ಲುವ ಇರಾದೆಯಿದ್ದರೆ ಎಂಡ್ಯೂರೆನ್ಸ್ ಕುದುರೆ ಎಂಬ ಹೆಸರಿಗೆ ಪ್ರತ್ಯೇಕ ಬೆಲೆ ಕೊಡುವುದು ದಂಡ. 80 ಕಿಲೋಮೀಟರಿಗೆ ಬಂದಾಗ ದೇಹರಚನೆ, ಗೊರಸು, ತಿನ್ನುವ ಅಭ್ಯಾಸ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. 160 ಕಿಲೋಮೀಟರು ಮತ್ತು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ನಕ್ಷತ್ರಗಳಿಂದ ಮಟ್ಟ ಗುರುತಿಸುವ ಓಟಗಳ ಮಾತೇ ಬೇರೆ. ಅಲ್ಲಿ ಕುದುರೆ ಮೆಟ್ಟಿಲು ಮೆಟ್ಟಿಲಾಗಿ ಅರ್ಹತೆ ಗಳಿಸಬೇಕು, ಅತ್ಯುನ್ನತ ಮಟ್ಟಕ್ಕೆ ಕನಿಷ್ಠ ಎಂಟು ವರ್ಷವಾಗಿರಬೇಕು. ಅಲ್ಲಿ ನೀವು ಕೊಡುವ ಬೆಲೆಯಲ್ಲಿ ದೊಡ್ಡ ಪಾಲು ಬೇರೆ ಯಾರೋ ಅದರ ಮೇಲೆ ಕಳೆದ ವರ್ಷಗಳಿಗೆ ಸಲ್ಲುತ್ತದೆ.

ವರ್ಷದ ಸಾಕಣೆ ಖರ್ಚನ್ನು ಬರೆದು ತೆಗೆಯುವುದು

ಕುದುರೆಗಳನ್ನು ನೋಡಲು ಹೋಗುವ ಮೊದಲೇ ಮಾಡಬೇಕಾದ ಕೆಲಸವಿದು. ಅಂದಾಜಿನಲ್ಲಿ ಮಾಡಿದರೆ ಸಾಲದು, ಕಾಗದದ ಮೇಲೆ ಬರೆಯಬೇಕು. ಕುದುರೆಗೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣ ಮೇವು ಬೇಕು; 400 ಕಿಲೋ ತೂಗುವ ಕುದುರೆಗೆ ಇದು ಆರರಿಂದ ಎಂಟು ಕಿಲೋ ಆಗುತ್ತದೆ, ದೂರದ ಓಟಕ್ಕೆ ತರಬೇತಾಗುತ್ತಿರುವ ಕುದುರೆಯಾದರೆ ಇದರ ಮೇಲೆ ಕಾಳು, ಎಣ್ಣೆ, ಉಪ್ಪು ಸೇರುತ್ತವೆ. ಲಾಳವನ್ನು ಐದಾರು ವಾರಕ್ಕೊಮ್ಮೆ ಬದಲಿಸುವುದೆಂದರೆ ವರ್ಷಕ್ಕೆ ಒಂಬತ್ತು ಹತ್ತು ಸಲ. ಲಸಿಕೆ, ಜಂತುಹುಳುವಿನ ಔಷಧ, ವರ್ಷಕ್ಕೊಮ್ಮೆಯಾದರೂ ಹಲ್ಲು ಅರೆಸುವುದು, ಲಾಯದ ಬಾಡಿಗೆ ಅಥವಾ ಆಳಿನ ಸಂಬಳ, ಇವು ಯಾವ ಕುದುರೆಗೂ ತಪ್ಪಿದ್ದಲ್ಲ. ಎಂಡ್ಯೂರೆನ್ಸ್ ಕುದುರೆಗೆ ಇದರ ಜೊತೆಗೆ ಪ್ರವೇಶ ಶುಲ್ಕ, ಓಟದ ಜಾಗಕ್ಕೆ ಸಾಗಿಸುವ ವೆಚ್ಚ, ಜೊತೆಗೆ ಬರುವ ಸಹಾಯಕರ ಊಟ ವಸತಿ, ಬೆವರಿನಲ್ಲಿ ಕಳೆದುಹೋಗುವ ಲವಣಗಳನ್ನು ತುಂಬುವ ಎಲೆಕ್ಟ್ರೊಲೈಟ್ ಪುಡಿ ಎಲ್ಲವೂ ಸೇರುತ್ತವೆ. ಸೆಕೆಯಲ್ಲಿ ಕಷ್ಟಪಟ್ಟು ಓಡುವ ಕುದುರೆ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದಾದ್ದರಿಂದ ಈ ಕೊನೆಯ ಬಾಬತ್ತನ್ನು ಚಿಲ್ಲರೆಯೆಂದು ಬಿಡಬಾರದು.

ಹೀಗೆ ಕೂಡಿಸಿದಾಗ ಬರುವ ಒಟ್ಟು ಮೊತ್ತವನ್ನು ಇಲ್ಲಿಂದ ಮುಂದೆ ‘ಒಂದು ವರ್ಷದ ಖರ್ಚು’ ಎಂದು ಕರೆಯೋಣ. ಹೊಸದಾಗಿ ಈ ಕ್ರೀಡೆಗೆ ಬರುವವರಿಗೆ ನಾನು ಹೇಳುವ ಲೆಕ್ಕ ಹೀಗಿದೆ: ಕೈಯಲ್ಲಿರುವ ಹಣದಿಂದ ಮೊದಲು ಒಂದು ವರ್ಷದ ಖರ್ಚನ್ನು ಬದಿಗೆ ತೆಗೆದಿಡಬೇಕು. ನಂತರ ತುರ್ತು ಚಿಕಿತ್ಸೆಗೆಂದು ಅದರ ಅರ್ಧದಷ್ಟನ್ನು ಮುಟ್ಟದೆ ಇಡಬೇಕು. ಕುದುರೆಯ ಬೆನ್ನಿಗೆ ಹೊಂದುವ ಜೀನು ಮತ್ತು ಉಳಿದ ಸಲಕರಣೆ, ಕೊಳ್ಳುವ ಮುನ್ನಿನ ವೈದ್ಯಕೀಯ ಪರೀಕ್ಷೆ, ಮನೆಗೆ ಸಾಗಿಸುವುದು, ಇಷ್ಟಕ್ಕೂ ಸೇರಿ ಇನ್ನೊಂದು ಅರ್ಧ. ಇವನ್ನೆಲ್ಲ ಕಳೆದ ಮೇಲೆ ಉಳಿದದ್ದೇ ಕುದುರೆಯ ಬೆಲೆ. ಕೈಯಲ್ಲಿ ನಾಲ್ಕು ವರ್ಷದ ಖರ್ಚಿನಷ್ಟು ಹಣವಿದ್ದರೆ ಎರಡು ವರ್ಷದ ಖರ್ಚಿನಷ್ಟು ಬೆಲೆಯ ಕುದುರೆಯನ್ನು ನೋಡಬಹುದು. ಮೂರರಷ್ಟಿದ್ದರೆ ಒಂದರಷ್ಟು ಬೆಲೆಯದ್ದನ್ನು. ಎರಡರಷ್ಟೇ ಇದ್ದರೆ ಕುದುರೆಗೆ ಏನೂ ಉಳಿಯುವುದಿಲ್ಲ. ಆಗ ಕೊಳ್ಳುವ ಕಾಲ ಬಂದಿಲ್ಲವೆಂದು ಒಪ್ಪಿಕೊಳ್ಳುವುದೇ ಮೇಲು, ಏಕೆಂದರೆ ಪುಕ್ಕಟೆಯಾಗಿ ಸಿಕ್ಕ ಕುದುರೆಯೂ ಮೇವು ತಿನ್ನುತ್ತದೆ.

ತುರ್ತು ನಿಧಿಯ ಮಾತನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕುದುರೆಗಳಿಗೆ ಹೊಟ್ಟೆಶೂಲೆ ಬರುವುದು ಅಪರೂಪವೇನಲ್ಲ. ಔಷಧಕ್ಕೆ ಬಗ್ಗದೆ ಶಸ್ತ್ರಚಿಕಿತ್ಸೆಯವರೆಗೆ ಹೋದರೆ ಅದರ ವೆಚ್ಚ ಕುದುರೆಯ ಬೆಲೆಯನ್ನೇ ಮೀರಬಹುದು, ಮತ್ತು ಆ ತೀರ್ಮಾನವನ್ನು ನಡುರಾತ್ರಿಯಲ್ಲಿ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳಬೇಕಾಗುತ್ತದೆ. ವಿಮೆ ಸಿಗುವ ಕಡೆ ವಿಮೆ ಮಾಡಿಸಬಹುದು, ಆದರೆ ವಯಸ್ಸಾದ ಕುದುರೆಗೆ ಮತ್ತು ಈಗಾಗಲೇ ದಾಖಲಾಗಿರುವ ಕಾಯಿಲೆಗೆ ವಿಮೆ ಒದಗುವುದು ಕಷ್ಟ.

ಎಳೆಯ ಕುದುರೆಯೋ, ಓಡಿ ತೋರಿಸಿದ ಕುದುರೆಯೋ

ಬೆಲೆಯ ಪ್ರಶ್ನೆಯ ತಿರುಳು ಇಲ್ಲಿದೆ. ನಾಲ್ಕು ವರ್ಷದ, ಜೀನು ಹಾಕಿಸಿಕೊಳ್ಳಲು ಈಗಷ್ಟೇ ಕಲಿತ ಕುದುರೆ ಅರ್ಧ ವರ್ಷದ ಖರ್ಚಿಗೆ ಸಿಗುತ್ತದೆ ಎಂದುಕೊಳ್ಳೋಣ. ಒಂಬತ್ತು ವರ್ಷದ, 80 ಕಿಲೋಮೀಟರಿನ ಹಲವು ಓಟಗಳನ್ನು ಮುಗಿಸಿರುವ ಇನ್ನೊಂದಕ್ಕೆ ಎರಡು ವರ್ಷದ ಖರ್ಚಿನಷ್ಟು ಬೆಲೆ ಕೇಳುತ್ತಿದ್ದಾರೆ ಎಂದುಕೊಳ್ಳೋಣ. ಮೊದಲನೆಯದು ನಾಲ್ಕನೆಯ ಒಂದು ಭಾಗದ ಬೆಲೆಗೆ ಬಂತೆಂದು ತೋರುತ್ತದೆ. ಆದರೆ ಎಳೆಯ ಕುದುರೆಯ ಹೃದಯ ಮತ್ತು ಮಾಂಸಖಂಡಗಳು ಕೆಲವೇ ತಿಂಗಳಲ್ಲಿ ಹದಕ್ಕೆ ಬಂದರೂ ಮೂಳೆ, ಸ್ನಾಯುರಜ್ಜು, ಗೊರಸುಗಳು ಗಟ್ಟಿಯಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದೇ ಐದಾರು ವರ್ಷಕ್ಕೆ. ಅಮೆರಿಕದ ಎಂಡ್ಯೂರೆನ್ಸ್ ಸಂಸ್ಥೆಯ ನಿಯಮದಂತೆ 50 ಮೈಲಿಯ, ಅಂದರೆ 80 ಕಿಲೋಮೀಟರಿನ, ಓಟಕ್ಕೆ ಇಳಿಯುವ ಕುದುರೆಗೆ 60 ತಿಂಗಳು ತುಂಬಿರಲೇಬೇಕು. ಹುಷಾರಿನ ಸವಾರರು ಅಷ್ಟಕ್ಕೂ ಆತುರಪಡುವುದಿಲ್ಲ: ಮೊದಲ ವರ್ಷ ಬರೀ ನಡಿಗೆ ಮತ್ತು ನಿಧಾನದ ಟ್ರಾಟ್, ಎರಡನೆಯ ವರ್ಷ ಒಂದೆರಡು 40 ಕಿಲೋಮೀಟರ್, ಮೂರನೆಯ ವರ್ಷದ ಕೊನೆಗೆ 80. ಅಷ್ಟು ಹೊತ್ತಿಗೆ ಎಳೆಯ ಕುದುರೆಯ ಮೇಲೆ ಮೂರೂವರೆ ವರ್ಷದ ಖರ್ಚಿನಷ್ಟು ಹಣ ಹೋಗಿರುತ್ತದೆ, ಅದೂ ತರಬೇತಿಯನ್ನೆಲ್ಲ ನೀವೇ ಮಾಡಿದರೆ ಮಾತ್ರ. ಅನುಭವಿ ಕುದುರೆ ಕೊಂಡವರು ಮೊದಲ ವರ್ಷದ ಕೊನೆಗೆ ಮೂರು ವರ್ಷದ ಖರ್ಚಿನಷ್ಟು ಕೊಟ್ಟು, ಆ ವರ್ಷವೇ ಓಟಗಳನ್ನು ಮುಗಿಸಿರುತ್ತಾರೆ.

ಈ ಲೆಕ್ಕದಲ್ಲಿ ಒಂದು ಪಕ್ಷಪಾತವಿದೆಯೆಂದು ಯಾರಾದರೂ ಹೇಳಿದರೆ ತಪ್ಪಲ್ಲ. ಆ ಮೂರು ವರ್ಷದ ಸಾಕಣೆ ವ್ಯರ್ಥವಾಗಿ ಹೋದದ್ದಲ್ಲ, ಅಷ್ಟು ದಿನವೂ ನೀವು ಸವಾರಿ ಮಾಡಿರುತ್ತೀರಿ, ಕುದುರೆಯನ್ನು ತಿದ್ದುವುದರಲ್ಲೇ ಖುಷಿ ಪಡುವವರಿಗೆ ಅದು ಖರ್ಚೇ ಅಲ್ಲ. ಆದರೆ ಹೊಸ ಸವಾರ ಮತ್ತು ಹೊಸ ಕುದುರೆ ಒಟ್ಟಿಗೆ ಕಲಿಯುವುದರಲ್ಲಿ ಅಪಾಯವಿದೆ. ಓಟದ ದಿನ ನೂರು ಕುದುರೆಗಳು ಒಟ್ಟಿಗೆ ಹೊರಡುವಾಗ ಲಗಾಮು ಕಚ್ಚಿ ಎಳೆಯುವ ಕುದುರೆಯನ್ನು ಹತೋಟಿಗೆ ತರುವ ಚಾಕಚಕ್ಯ ಸವಾರನಲ್ಲಿ ಇಲ್ಲದಿದ್ದರೆ ಮೊದಲ 20 ಕಿಲೋಮೀಟರಿನಲ್ಲೇ ಅದು ತನ್ನ ಶಕ್ತಿಯನ್ನೆಲ್ಲ ಚೆಲ್ಲಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಳೆಯ ಕುದುರೆ ಈ ಕ್ರೀಡೆಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಮೂರನೆಯ ವರ್ಷಕ್ಕಷ್ಟೇ ಗೊತ್ತಾಗುತ್ತದೆ. ಮೊದಲ ಕುದುರೆ ಕೊಳ್ಳುವವರು ಆದಷ್ಟು ಮಟ್ಟಿಗೆ ಓಡಿ ತೋರಿಸಿದ ಕುದುರೆಯನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ದಾರಿ ವಯಸ್ಸಾದ ಕುದುರೆಯದು. ಹದಿನಾಲ್ಕು ಹದಿನೈದು ವರ್ಷದ, ಸಾವಿರಾರು ಕಿಲೋಮೀಟರ್ ಓಡಿರುವ ಕುದುರೆಗಳನ್ನು ಮಾಲೀಕರು ಕಡಿಮೆ ಬೆಲೆಗೆ, ಕೆಲವೊಮ್ಮೆ ಒಳ್ಳೆಯ ಮನೆ ಸಿಕ್ಕರೆ ಸಾಕೆಂದು ಬಿಟ್ಟುಕೊಡುತ್ತಾರೆ. ಅರ್ಧ ವರ್ಷದ ಖರ್ಚಿಗೆ ಬಂದು ನಾಲ್ಕು ಋತು (ವರ್ಷಕ್ಕೊಂದು ಓಟದ ಋತು) ಓಡಿದರೆ, ಒಂದು ಋತುವಿಗೆ ಬೀಳುವ ಬೆಲೆ ಒಂದು ವರ್ಷದ ಖರ್ಚಿನ ಎಂಟನೆಯ ಒಂದು ಭಾಗ. ಎರಡು ವರ್ಷದ ಖರ್ಚಿಗೆ ಬಂದು ಎಂಟು ಋತು ಓಡುವ ಕುದುರೆಗಿಂತ ಇದು ಅಗ್ಗ. ತಪಾಸಣೆಯ ಜಾಗದಲ್ಲಿ ಹೇಗೆ ನಿಲ್ಲಬೇಕು, ಸಿಕ್ಕಿದ ಕಡೆಯಲ್ಲೆಲ್ಲ ನೀರು ಕುಡಿಯಬೇಕು ಎಂಬುದನ್ನೆಲ್ಲ ಅದು ಸವಾರನಿಗೇ ಕಲಿಸುತ್ತದೆ. ಆದರೆ ಕುದುರೆ 25-30 ವರ್ಷ ಬದುಕುವ ಪ್ರಾಣಿ. ಓಟ ನಿಂತ ಮೇಲಿನ ಎಂಟು ಹತ್ತು ವರ್ಷಗಳ ಮೇವು ಯಾರದು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ವಯಸ್ಸಾದ ಕುದುರೆಯನ್ನು ಅಗ್ಗವೆಂದು ಕರೆಯಲಾಗದು.

ಹೆಚ್ಚು ಹಣ ಕೊಡಲು ತಕ್ಕ ಗುಣಗಳು

ಮೊದಲನೆಯದು ದಾಖಲೆ. ಎಷ್ಟು ಓಟ ಗೆದ್ದಿದೆ ಎಂಬುದಕ್ಕಿಂತ ಎಷ್ಟನ್ನು ಆರಂಭಿಸಿ ಎಷ್ಟನ್ನು ಮುಗಿಸಿದೆ, ಯಾವ ವರ್ಷಗಳಲ್ಲಿ ಓಡಿದೆ, ನಡುವೆ ಏಕೆ ನಿಂತಿತ್ತು ಎಂಬುದನ್ನು ನೋಡಬೇಕು. ಹತ್ತು ಆರಂಭಿಸಿ ಒಂಬತ್ತನ್ನು ನಡುವಿನ ಸ್ಥಾನಗಳಲ್ಲಿ ಮುಗಿಸಿದ ಕುದುರೆ, ಹತ್ತರಲ್ಲಿ ಮೂರು ಗೆದ್ದು ನಾಲ್ಕರಲ್ಲಿ ತಪಾಸಣೆಯಲ್ಲಿ ಹೊರಬಿದ್ದ ಕುದುರೆಗಿಂತ ಹೊಸ ಸವಾರನಿಗೆ ಎಷ್ಟೋ ಹೆಚ್ಚು ಬೆಲೆಯುಳ್ಳದ್ದು. ಹೊರಬಿದ್ದ ಕಾರಣವನ್ನೂ ಓದಬೇಕು. ಒಮ್ಮೆ ಕಲ್ಲು ತಗುಲಿ ಕುಂಟಿದ್ದು ಬೇರೆ. ಬೇರೆ ಬೇರೆ ಓಟಗಳಲ್ಲಿ ಅದೇ ಕಾಲು ಮತ್ತೆ ಮತ್ತೆ ಕುಂಟಿದ್ದು ಬೇರೆ. ದಣಿವು, ನಿರ್ಜಲತೆ, ಹೃದಯಬಡಿತದ ಏರುಪೇರಿನಂಥ ಒಳಗಿನ ಕಾರಣಕ್ಕೆ ಹೊರಬಿದ್ದಿದ್ದರೆ ತಪ್ಪು ಕುದುರೆಯದೋ ಹಿಂದಿನ ಸವಾರನ ಅವಸರದ್ದೋ ಎಂದು ಕೇಳಿ ತಿಳಿಯಬೇಕು. ಎರಡು ಸಲಕ್ಕಿಂತ ಹೆಚ್ಚಾಗಿದ್ದರೆ ನಾನಂತೂ ಆ ಕುದುರೆಯ ಮಾತು ಬಿಡುತ್ತೇನೆ.

ಎರಡನೆಯದು ಹೃದಯಬಡಿತ ಇಳಿಯುವ ರೀತಿ. ಲಾಯದಲ್ಲಿ ನಿಂತ ಕುದುರೆಯ ಬಡಿತ ನಿಮಿಷಕ್ಕೆ 28ರಿಂದ 44ರ ನಡುವೆ ಇರುತ್ತದೆ. ಅಂತರರಾಷ್ಟ್ರೀಯ ಓಟಗಳ ತಪಾಸಣೆಯಲ್ಲಿ ಅದು 64ಕ್ಕೆ ಇಳಿದಿರಬೇಕು, ಅದೂ ಬಂದು ಸೇರಿದ ಕೆಲವೇ ನಿಮಿಷಗಳೊಳಗೆ. ಇದನ್ನು ಕೊಳ್ಳುವವರೂ ಪರೀಕ್ಷಿಸಬಹುದು. ಕುದುರೆಯನ್ನು ಒಂದು ಗಂಟೆ ಏರುತಗ್ಗಿನ ದಾರಿಯಲ್ಲಿ ಸವಾರಿ ಮಾಡಿಸಿ, ಇಳಿದು, ಜೀನಿನ ಹೊಟ್ಟೆಪಟ್ಟಿ ಸಡಿಲಿಸಿ, ಎಡ ಮೊಣಕೈಯ ಹಿಂದೆ ಸ್ಟೆತೊಸ್ಕೋಪ್ ಇಟ್ಟು ಎಣಿಸಿ. ಹತ್ತು ನಿಮಿಷದೊಳಗೆ ಅರುವತ್ತರ ಸುಮಾರಿಗೆ ಬಂದರೆ ಒಳ್ಳೆಯ ಲಕ್ಷಣ. ಆಮೇಲೆ ಓಟದ ವೈದ್ಯರು ಮಾಡುವ ಪರೀಕ್ಷೆಯನ್ನೂ ಮಾಡಿನೋಡಿ: ಬಡಿತ ಎಣಿಸಿ, ಸುಮಾರು 38 ಮೀಟರ್ ದೂರ ಕೈಹಗ್ಗದಲ್ಲಿ ಟ್ರಾಟ್ ಮಾಡಿಸಿ ಹಾಗೆಯೇ ಹಿಂದಕ್ಕೆ ತಂದು, ಹೊರಟ ಗಳಿಗೆಯಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸಬೇಕು. ಎರಡನೆಯ ಎಣಿಕೆ ಮೊದಲನೆಯದರಷ್ಟೇ ಇದ್ದರೆ ಅಥವಾ ಕಡಿಮೆಯಿದ್ದರೆ ಕುದುರೆ ಚೇತರಿಸಿಕೊಂಡಿದೆ. ಎದ್ದು ಕಾಣುವಷ್ಟು ಏರಿದರೆ ದಣಿವೋ ನೋವೋ ಒಳಗಿದೆ. ತರಬೇತಿಯೇ ಇಲ್ಲದ ಕುದುರೆಯಿಂದ ಇಷ್ಟನ್ನು ನಿರೀಕ್ಷಿಸುವುದು ಸರಿಯಲ್ಲ. ಆದರೆ ಓಟಕ್ಕೆ ಸಿದ್ಧವಾಗಿದೆ ಎಂದು ಹೇಳಿ ಬೆಲೆ ಕೇಳುತ್ತಿದ್ದರೆ ನಿರೀಕ್ಷಿಸಲೇಬೇಕು.

ಮೂರನೆಯದು ಗೊರಸು ಮತ್ತು ಕಾಲು. ಬಿರುಕಿಲ್ಲದ, ಗಟ್ಟಿ ಗೋಡೆಯ, ಎರಡು ಮುಂಗಾಲುಗಳಲ್ಲೂ ಒಂದೇ ಅಳತೆಯ ಗೊರಸುಗಳಿಗೆ ಹೆಚ್ಚು ಬೆಲೆ ಕೊಡಿ. ಕೆಟ್ಟ ಗೊರಸಿಗೆ ಪ್ರತಿ ಐದು ವಾರಕ್ಕೊಮ್ಮೆ ಹೇಗೂ ಕೊಡುತ್ತಲೇ ಇರಬೇಕಾಗುತ್ತದೆ. ಮುಂಗಾಲಿನ ಮಂಡಿಯ ಕೆಳಗೆ, ಹಿಂಭಾಗದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ನಾಯುರಜ್ಜನ್ನು ಹಿಡಿದು ಮೇಲಿನಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ಮೆಲ್ಲಗೆ ಇಳಿಸುತ್ತಾ ಹೋದರೆ ಒಳ್ಳೆಯ ಕಾಲಿನಲ್ಲಿ ಬಿಗಿಯಾದ ಎರಡು ಹುರಿಗಳು ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ. ನಡುವೆ ಎಲ್ಲಾದರೂ ಊತ, ಬಿಸಿ, ಮೆತ್ತನೆಯ ಉಬ್ಬು ಸಿಕ್ಕರೆ, ಅಥವಾ ಕುದುರೆ ಕಾಲನ್ನು ಸರಕ್ಕನೆ ಎಳೆದುಕೊಂಡರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎರಡು ಕಾಲನ್ನೂ ಹೋಲಿಸಿ ನೋಡುವುದು ಮುಖ್ಯ. ಒಂದೇ ಕಾಲನ್ನು ಮುಟ್ಟಿದವರಿಗೆ ಏನೂ ತಿಳಿಯುವುದಿಲ್ಲ.

ಮೈಕಟ್ಟಿನ ಮಾತು ಇಷ್ಟು. ಹೆನೆಕ್ ಮಾಪನದಲ್ಲಿ ಕುದುರೆಯ ಮೈಯನ್ನು 1ರಿಂದ 9ರವರೆಗೆ ಅಂಕವಿಟ್ಟು ಅಳೆಯುತ್ತಾರೆ. 5ರ ಆಸುಪಾಸಿನ ಕುದುರೆ, ಎಂದರೆ ಪಕ್ಕೆಲುಬು ಕಾಣದೆ ಕೈಗೆ ಸುಲಭವಾಗಿ ಸಿಗುವಂಥದ್ದು, ದೂರದ ಓಟಕ್ಕೆ ತಕ್ಕದ್ದು. ತೀರಾ ಬಡಕಲಾದ ಕುದುರೆಯನ್ನು ಓಟದ ಹದಕ್ಕೆ ಬಂದದ್ದೆಂದು ತೋರಿಸುವುದುಂಟು, ನಂಬಬೇಡಿ. ದೀರ್ಘ ಓಟದಲ್ಲಿ ಕರಗಿಸಿಕೊಳ್ಳಲು ಮೈಯಲ್ಲಿ ಸ್ವಲ್ಪ ದಾಸ್ತಾನು ಬೇಕು. ಇನ್ನು ಸ್ವಭಾವ: ಹೊಸ ಜಾಗದಲ್ಲಿ ತಿನ್ನುತ್ತದೆಯೇ, ಅಪರಿಚಿತ ಬಕೆಟಿನಿಂದ ಕುಡಿಯುತ್ತದೆಯೇ, ಜೊತೆಯ ಕುದುರೆ ಮುಂದೆ ಹೋದಾಗ ಒಂಟಿಯಾಗಿ ನಡೆಯುತ್ತದೆಯೇ, ಗಾಡಿಯೊಳಗೆ ಹತ್ತುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ನಾನು ದೇಹದಷ್ಟೇ ಬೆಲೆ ಕಟ್ಟುತ್ತೇನೆ.

ಹೆಚ್ಚು ಕೊಡಬೇಕಾಗಿಲ್ಲದ್ದು

ಬಣ್ಣಕ್ಕೆ, ಎತ್ತರಕ್ಕೆ, ಕುತ್ತಿಗೆಯ ಬಾಗಿಗೆ ಏನೂ ಕೊಡಬೇಡಿ. ಅರಬ್ಬಿ ಕುದುರೆಗಳು ಈ ಕ್ರೀಡೆಯಲ್ಲಿ ಮುಂದಿರುವುದು ನಿಜ. ನಿಧಾನವಾಗಿ ದಣಿಯುವ ಬಗೆಯ ಮಾಂಸತಂತುಗಳು ಅವುಗಳಲ್ಲಿ ಹೆಚ್ಚಾಗಿರುವುದು, ತೆಳು ಚರ್ಮ ಮತ್ತು ಸಣ್ಣ ಮೈಯಿಂದಾಗಿ ಕಾವು ಬೇಗ ಹೊರಹೋಗುವುದು ಅದಕ್ಕೆ ಕಾರಣ. ಆ ಗುಣಗಳು ಅರಬ್ಬಿ ಮಿಶ್ರತಳಿಗಳಲ್ಲೂ ಬೇರೆ ಹಲವು ಹಗುರ ತಳಿಗಳಲ್ಲೂ ಸಿಗುತ್ತವೆ. ಪ್ರಸಿದ್ಧ ವಂಶಾವಳಿಗೆ ಕೇಳುವ ಹೆಚ್ಚುವರಿ ಬೆಲೆ ಮರಿ ಹಾಕಿಸುವ ಉದ್ದೇಶವಿರುವವರಿಗೆ ಹೊಂದೀತು. ಬೀಜ ಒಡೆಸಿದ ಗಂಡು ಕುದುರೆಯ ವಿಷಯದಲ್ಲಿ ಅದು ಗೋಡೆಗೆ ತೂಗುಹಾಕುವ ಕಾಗದವಷ್ಟೇ. ಸಣ್ಣ ಕುದುರೆಗಳನ್ನು ಜನ ಕಡೆಗಣಿಸುವುದರಿಂದ ಅವುಗಳಲ್ಲಿ ಒಳ್ಳೆಯ ವ್ಯಾಪಾರ ಕುದುರುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರದಂತಿದ್ದರೆ, ಕಾಲಿನ ಮೂಳೆ ದಪ್ಪವಾಗಿದ್ದರೆ, ಎತ್ತರದ ಬಗ್ಗೆ ಚಿಂತಿಸಬೇಕಾಗಿಲ್ಲ.

ರೇಸ್ ಮೈದಾನದಿಂದ ಹೊರಬಂದ ಕುದುರೆಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ಕೆಲವು ಚೆನ್ನಾಗಿ ಒಗ್ಗುತ್ತವೆ ಕೂಡ. ಆದರೆ ಎರಡು ಮೂರನೆಯ ವಯಸ್ಸಿನಲ್ಲೇ ಗರಿಷ್ಠ ವೇಗದಲ್ಲಿ ಓಡಿದ ಕಾಲುಗಳವು. ಕೀಲುಗಳ ಎಕ್ಸ್-ರೇ ಮತ್ತು ಸ್ನಾಯುರಜ್ಜಿನ ಅಲ್ಟ್ರಾಸೌಂಡ್ ಇಲ್ಲದೆ ಮುಟ್ಟಬಾರದು. ಆ ಖರ್ಚನ್ನು ಸೇರಿಸಿದರೆ ಅಗ್ಗದ ಪಾಲು ಕಡಿಮೆಯಾಗುತ್ತದೆ.

ವೈದ್ಯಕೀಯ ಪರೀಕ್ಷೆಯಲ್ಲಿ ಕೈ ಬಿಗಿ ಹಿಡಿಯಬೇಡಿ

ಅಗ್ಗದ ಕುದುರೆಗೆ ದುಬಾರಿ ಪರೀಕ್ಷೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಕುಂಟುವ ಕುದುರೆ ಅಗ್ಗಕ್ಕೆ ಬಂದರೂ ತುಟ್ಟಿಗೆ ಬಂದರೂ ವರ್ಷದ ಖರ್ಚು ಒಂದೇ, ಆದ್ದರಿಂದ ಪರೀಕ್ಷೆಯ ವೆಚ್ಚವನ್ನು ಕುದುರೆಯ ಬೆಲೆಯ ಜೊತೆ ಹೋಲಿಸದೆ ವರ್ಷದ ಖರ್ಚಿನ ಜೊತೆ ಹೋಲಿಸಬೇಕು. ಪರೀಕ್ಷೆಯನ್ನು ನೀವು ಗೊತ್ತುಮಾಡಿದ ವೈದ್ಯರೇ ಮಾಡಬೇಕು. ಮಾರುವವರ ಲಾಯಕ್ಕೆ ನಿತ್ಯ ಬಂದುಹೋಗುವ ವೈದ್ಯರು ಎಷ್ಟೇ ಪ್ರಾಮಾಣಿಕರಾದರೂ ಈ ಕೆಲಸಕ್ಕೆ ಅವರನ್ನು ಕರೆಯುವುದು ಅವರಿಗೂ ಇಕ್ಕಟ್ಟು. ಹಂತ ಹಂತವಾಗಿ ಮಾಡಿಸಿದರೆ ಹಣ ಉಳಿಯುತ್ತದೆ: ಮೊದಲು ಹೃದಯ, ಶ್ವಾಸ, ಕಣ್ಣು, ಹಲ್ಲು, ಬೆನ್ನು, ನಂತರ ಗಟ್ಟಿ ನೆಲದ ಮೇಲೆ ಮತ್ತು ವೃತ್ತಾಕಾರವಾಗಿ ಟ್ರಾಟ್, ಆಮೇಲೆ ಪ್ರತಿ ಕೀಲನ್ನು ಮಡಿಚಿ ಹಿಡಿದು ಬಿಟ್ಟ ಕೂಡಲೇ ಓಡಿಸುವ ಪರೀಕ್ಷೆ. ಇಷ್ಟರಲ್ಲೇ ಕುಂಟು ಕಂಡರೆ ಎಕ್ಸ್-ರೇ ಖರ್ಚು ಉಳಿದಂತೆ. ಇಷ್ಟರಲ್ಲಿ ಗೆದ್ದ ಕುದುರೆಗೆ, ಬೆಲೆ ಒಂದು ವರ್ಷದ ಖರ್ಚನ್ನು ದಾಟುತ್ತಿದ್ದರೆ, ಮುಂಗಾಲಿನ ಗೊರಸು ಮತ್ತು ಗೆಣ್ಣು, ಹಿಂಗಾಲಿನ ನಡುವೆ ಇರುವ ಹಾಕ್ ಎಂಬ ಕೀಲುಗಳ ಎಕ್ಸ್-ರೇ ಹಾಗೂ ಗೆಣ್ಣನ್ನು ಹಿಂದಿನಿಂದ ಎತ್ತಿ ಹಿಡಿಯುವ ಸಸ್ಪೆನ್ಸರಿ ಲಿಗಮೆಂಟ್ ಎಂಬ ಕಟ್ಟಿನ ಅಲ್ಟ್ರಾಸೌಂಡ್ ಮಾಡಿಸಿ. ನೋವು ಮರೆಸುವ ಔಷಧ ಕೊಟ್ಟು ಕುಂಟನ್ನು ಮುಚ್ಚಿಡುವುದು ಸಾಧ್ಯವಿರುವುದರಿಂದ ಅದೇ ದಿನ ರಕ್ತದ ಮಾದರಿ ತೆಗೆಸಿಟ್ಟುಕೊಳ್ಳಿ. ಕೂಡಲೇ ಪರೀಕ್ಷಿಸಬೇಕೆಂದೇನಿಲ್ಲ, ಎರಡು ವಾರದ ನಂತರ ಕುದುರೆ ಕುಂಟತೊಡಗಿದರೆ ಅದು ಸಾಕ್ಷಿಗೆ ಬರುತ್ತದೆ.

ಯಾವ ದೋಷವೂ ಇಲ್ಲದ ಹತ್ತು ವರ್ಷದ ಕುದುರೆ ಸಿಗುವುದಿಲ್ಲ. ಹಾಕ್ ಕೀಲಿನಲ್ಲಿ ಸ್ವಲ್ಪ ಸವೆತ, ಹಳೆಯ ಗಾಯದ ಗುರುತು ಇಂಥವು ಕಂಡಾಗ ಗಾಬರಿಯಾಗಿ ಬಿಟ್ಟುಬಿಡುವುದೂ ಬೇಡ, ನಕ್ಕು ಕಡೆಗಣಿಸುವುದೂ ಬೇಡ. ನಿಮಗೆ ಬೇಕಾದ ದೂರವನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಈ ದೋಷಕ್ಕೆ ವರ್ಷಕ್ಕೆ ಎಷ್ಟು ಚಿಕಿತ್ಸೆ ಖರ್ಚು ಬರಬಹುದೆಂದು ಕೇಳಿ, ಮೂರು ವರ್ಷದ ಆ ಮೊತ್ತವನ್ನು ಬೆಲೆಯಿಂದ ಇಳಿಸಲು ಕೇಳಿ. ಚೌಕಾಸಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇಲ್ಲ, ಮಾರುವವರಿಗೂ ಇದರಲ್ಲಿ ಅವಮಾನವಾಗುವುದಿಲ್ಲ.

ಒಪ್ಪಂದ, ಪರೀಕ್ಷಾವಧಿ, ಬಾಡಿಗೆ

ಸಾಧ್ಯವಾದರೆ ಎರಡು ವಾರದ ಪರೀಕ್ಷಾವಧಿ ಕೇಳಿ. ಆ ಅವಧಿಯಲ್ಲಿ ಕುದುರೆಗೆ ಏನಾದರೂ ಆದರೆ ಹೊಣೆ ಯಾರದೆಂದು ಮೊದಲೇ ಬರೆದುಕೊಳ್ಳಿ. ಜೀನು ಜೊತೆಗೆ ಬರುತ್ತದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಅದೇ ಬೆನ್ನಿಗೆ ಹೊಂದಿಕೊಂಡು ಹಲವು ಓಟ ಕಂಡ ಜೀನನ್ನು ಸೇರಿಸಿಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕುದುರೆಯ ಹಿಂದಿನ ಕಾಯಿಲೆ, ಚುಚ್ಚುಮದ್ದು, ಕೀಲಿಗೆ ಕೊಟ್ಟ ಔಷಧಗಳ ವಿವರವನ್ನು ಮಾರುವವರ ಸಹಿಯೊಡನೆ ಪಡೆಯಬೇಕು. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಡಲು ಹಿಂಜರಿಯುವವರ ಜೊತೆ ವ್ಯವಹಾರ ಮುಂದುವರಿಸಬೇಡಿ.

ಕೊನೆಯದಾಗಿ ಬೆಲೆಯ ಮೇಲ್ಮಿತಿಯನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಿ ನೋಡಿ. ಕೊಂಡ ಮರುತಿಂಗಳೇ ಈ ಕುದುರೆ ಸಸ್ಪೆನ್ಸರಿ ಲಿಗಮೆಂಟ್ ಹರಿದುಕೊಂಡು ಒಂದು ವರ್ಷ ನಿಲ್ಲಬೇಕಾಗಿ ಬಂದರೆ, ಅದನ್ನು ಸಾಲವಿಲ್ಲದೆ ಸಾಕಬಲ್ಲಿರಾ? ಕೊಟ್ಟ ಬೆಲೆಯಲ್ಲಿ ಒಂದು ಕಾಸೂ ಮರಳಿ ಬಾರದಿದ್ದರೆ ಮನೆಯ ಬೇರೆ ಖರ್ಚು ತೊಂದರೆಯಿಲ್ಲದೆ ಸಾಗೀತೆ? ಎರಡಕ್ಕೂ ಸರಿಯಾದ ಉತ್ತರ ಬರುವವರೆಗೆ ಬೆಲೆಯನ್ನು ಕೆಳಗೆ ಇಳಿಸುತ್ತಾ ಹೋಗಬೇಕು. ಇಳಿಸಿದ ಬೆಲೆಗೆ ತಕ್ಕ ಕುದುರೆ ಸಿಗದಿದ್ದರೆ ಬಾಡಿಗೆಗೆ ಅಥವಾ ಅರ್ಧ ಖರ್ಚು ಹಂಚಿಕೊಳ್ಳುವ ಕರಾರಿಗೆ ಕೇಳಿ ನೋಡಿ. ಎರಡು ಮೂರು ಕುದುರೆ ಸಾಕಿಕೊಂಡು ಎಲ್ಲವನ್ನೂ ಓಡಿಸಲು ಪುರುಸೊತ್ತಿಲ್ಲದ ಸವಾರರು ಈ ಕ್ರೀಡೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಓಟದ ದಿನ ಅವರ ಸಹಾಯಕರಾಗಿ ಹೋಗಿ, ಬಕೆಟ್ ಹೊತ್ತು, ಕುದುರೆಯ ಮೈಗೆ ನೀರು ಸುರಿದು, ತಪಾಸಣೆಯಲ್ಲಿ ಹಗ್ಗ ಹಿಡಿದು ಓಡಿದವರಿಗೆ ಮುಂದಿನ ಋತುವಿಗೆ ಓಡಿಸಲು ಒಂದು ಕುದುರೆ ಸಿಗುವ ಸಂಭವ ಹೆಚ್ಚು, ಮತ್ತು ಯಾವ ಕುದುರೆ ಯಾವಾಗ ಮಾರಾಟಕ್ಕೆ ಬರಲಿದೆ ಎಂಬ ಸುದ್ದಿ ಮೊದಲು ತಲುಪುವುದೂ ಅವರಿಗೇ.